ಕಂಬಳಿಯ ಮೊದಲ ನೀರು

ಹೊಳಬಸಪ್ಪನಿಗೆ ಹಿಮ ನೋಡಬೇಕಿತ್ತು. ಕನಕಪ್ಪನಿಗೆ ಕಂಬಳಿ ನೆನೆಯದೆ ಊರು ಮುಟ್ಟಿದರೆ ಸಾಕಿತ್ತು. ಇಬ್ಬರೂ ಒಂದೇ ಗಾಡಿ ಹತ್ತಿದ್ದೇ ತಪ್ಪಾಯಿತು.

ಎಂಬತ್ಮೂರನೇ ಇಸವಿಯ ಚಳಿಗಾಲ. ದಿಲ್ಲಿಯಲ್ಲಿ ಕೈಕಸುಬಿನವರದೊಂದು ದೊಡ್ಡ ಪ್ರದರ್ಶನ ನಡೆದಿತ್ತು. ಇಳಕಲ್ಲಿನಿಂದ ಹೊಳಬಸಪ್ಪ ಸೀರೆಗಳ ಗಂಟು ಹೊತ್ತು ಬಂದಿದ್ದ. ಕೂಡಲಸಂಗಮಕ್ಕೆ ಒಂದು ಹರದಾರಿ ಈಚೆ, ಮಲಪ್ರಭೆಯ ದಂಡೆಯ ಮೇಲಿನ ಹಳ್ಳಿಯಿಂದ ಕನಕಪ್ಪ ಬಂದಿದ್ದ. ಅವನು ಕಂಬಳಿ ನೇಯುವವನು. ಇಬ್ಬರದೂ ಇಳಕಲ್ಲ ಸಂತೆಯಲ್ಲಿ ಹುಟ್ಟಿದ ಹಳೆಯ ಗೆಳೆತನ. ಹೊಳಬಸಪ್ಪ ಬಾಯಿ ತೆರೆದರೆ ಮುಚ್ಚುವವನಲ್ಲ, ಕನಕಪ್ಪ ಮುಚ್ಚಿದರೆ ತೆರೆಯುವವನಲ್ಲ. ಅದಕ್ಕೇ ಹೊಂದಿಕೊಂಡಿದ್ದರು.

ದಿಲ್ಲಿಯ ಆ ಮೈದಾನದಲ್ಲಿ ಒಂದು ಕುಣಿ ತೋಡಿ ಕನಕಪ್ಪನ ಮಗ್ಗ ಇಳಿಸಿದ್ದರು. ಅವನು ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ, ಕೋಟು ತೊಟ್ಟ ಜನ ಕರಡಿ ಕುಣಿತ ನೋಡುವವರ ಹಾಗೆ ಸುತ್ತ ನಿಂತು ಶೇಂಗಾ ತಿಂದು ಸಿಪ್ಪೆಯನ್ನು ಕುಣಿಯೊಳಗೇ ಉದುರಿಸುತ್ತಿದ್ದರು. ಅವನಿಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಅವನು ನೇಯುತ್ತಿದ್ದುದು ಮಾರುವ ಕಂಬಳಿಯಲ್ಲ, ಬೀರಪ್ಪನ ಕಂಬಳಿ.

ಅವನ ಊರಿನಲ್ಲಿ ಮೂರು ವರ್ಷಕ್ಕೊಮ್ಮೆ ಬೀರಪ್ಪನ ಗದ್ದುಗೆಗೆ ಹೊಸ ಕಂಬಳಿ ಹಾಸುತ್ತಾರೆ. ನೇಯುವ ಹಕ್ಕು ಕನಕಪ್ಪನ ಮನೆತನದ್ದು. ಬಣ್ಣವಿಲ್ಲದ ಕರಿ ಕುರಿಯ ಉಣ್ಣೆ, ಹೊಳೆ ನೀರಿನಲ್ಲೇ ಕುದಿಸಿದ ಹುಣಸೆ ಬೀಜದ ಗಂಜಿ. ಅದಕ್ಕೊಂದು ಕಟ್ಟುನಿಟ್ಟು ಇತ್ತು. ನೇಯ್ದು ಮುಗಿದ ಮೇಲೆ ಆ ಕಂಬಳಿಗೆ ತಾಗುವ ಮೊದಲ ನೀರು ಮಲಪ್ರಭೆಯದೇ ಆಗಬೇಕು. ಹಾಸುವ ದಿನ ನೇಯ್ದವನೇ ಅದನ್ನು ಹೊಳೆಯಲ್ಲಿ ಮುಳುಗಿಸಿ ತರಬೇಕು. ಅದಕ್ಕಿಂತ ಮುಂಚೆ ಬೇರೆ ನೀರು ಬಿತ್ತೋ, ಮಳೆಯಾಗಲಿ ಕುಡಿಯುವ ನೀರಾಗಲಿ, ಅದು ದೇವರ ಕಂಬಳಿ ಅಲ್ಲ, ಹೊದೆಯುವ ಕಂಬಳಿ.

ಹಾಸುವ ದಿನ ಮಾಘದಲ್ಲಿ ಬಂದಿತ್ತು. ಪ್ರದರ್ಶನ ಮುಗಿಸಿ ಊರಿಗೆ ಹೋಗಿ ನೇಯಲು ಹೊತ್ತು ಸಾಲದೆಂದು ಕನಕಪ್ಪ ಗಂಜಿ ತೀಡಿದ ಹಾಸು ನೂಲನ್ನು ಸುತ್ತಿಕೊಂಡು ದಿಲ್ಲಿಗೇ ತಂದಿದ್ದ. "ಅಲ್ಲಿ ಚಳಿಗಾಲದಾಗ ಮಳಿ ಇಲ್ಲಲೇ, ಹನಿ ಸೈತ ಬೀಳೂದಿಲ್ಲ," ಎಂದು ಹೊಳಬಸಪ್ಪ ಭರವಸೆ ಕೊಟ್ಟಿದ್ದ. ಮಳೆ ಬರಲಿಲ್ಲ, ಖರೆ. ಕಂಬಳಿ ಮುಗಿಯಿತು. ಅದನ್ನು ಬಿಳಿ ಧೋತರದಲ್ಲಿ ಸುತ್ತಿ ಹೆಗಲಿಗೆ ಏರಿಸಿದವನು ಮತ್ತೆ ಇಳಿಸಲಿಲ್ಲ. ರಾತ್ರಿಯ ಕಾವಲುಗಾರರು ಚಳಿಗೆ ಸಿಕ್ಕ ಸಿಕ್ಕ ಅಂಗಡಿಯ ಬಟ್ಟೆ ಎಳೆದು ಹೊದ್ದು, ಅದರಲ್ಲೇ ಮೂಗು ಸೀಟಿ, ಬೆಳಗಾಗುತ್ತಲೇ ಮಡಚಿ ಇಡುವುದನ್ನು ಅವನು ಕಣ್ಣಾರೆ ಕಂಡಿದ್ದ.

"ನಾಳೆ ಸೂಟಿ ಐತಿ," ಎಂದ ಹೊಳಬಸಪ್ಪ. "ಗೌಸಸಾಬ ಗಾಡಿ ತರ್ತಾನ. ಹಿಮ ನೋಡಿ ಬರೂಣು."

ಗೌಸಸಾಬ ಇಳಕಲ್ಲಿನವನೇ. ಕಲ್ಲು ಹೇರಿದ ಲಾರಿ ಓಡಿಸಿಕೊಂಡು ದಿಲ್ಲಿಗೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಈಗ ಪ್ರದರ್ಶನದ ಸಾಮಾನು ಸಾಗಿಸುವ ವ್ಯಾನು ಅವನ ಕೈಯಲ್ಲಿತ್ತು.

"ನೀವ ಹೋಗ್ರಿ. ನನಗ ಇಲ್ಲೀ ಚಳಿನ ಹೆಚ್ಚಾಗೇತಿ," ಎಂದ ಕನಕಪ್ಪ.

"ಲೇ ಕನಕ, ಈಶ್ವರ ಕುಂಡ್ರೂ ಜಾಗಾ ಅದು. ನಿಮ್ಮ ಬೀರಪ್ಪನ ಮೂಲನೂ ಅಲ್ಲೇ ಅಲ್ಲೇನು? ನಮ್ಮವ್ವ ದುರ್ಗವ್ವ ಬರೂ ಮುಂದ ಕೈ ಹಿಡದು ಹೇಳ್ಯಾಳ, ಹಿಮವಂತನ ನೀರು ಒಂದ ಗುಟುಕು ತಗೊಂಬಾ ಅಂತ."

ಈಶ್ವರ ಎಂದ ಕೂಡಲೇ ಕನಕಪ್ಪನ ಕಣ್ಣ ಮುಂದೆ ಹುನಗುಂದದ ಚಹಾದಂಗಡಿಯ ಕ್ಯಾಲೆಂಡರು ಬಂತು. ನೊಣ ಕೂತು ಕೂತು ಅಂಚು ಕಪ್ಪಾದ ಕ್ಯಾಲೆಂಡರು. ಆದರೆ ಚಿತ್ರದೊಳಗೆ ಎಲ್ಲಾ ಬಿಳಿ. ಈಗ ತಾನೇ ಹಿಂಜಿ ಹರಡಿದ ಬಿಳಿ ಉಣ್ಣೆಯ ಹಾಗೆ ಹಿಮ, ಅದರ ಮೇಲೆ ಈಶ್ವರ. ಧೂಳಿಲ್ಲ, ಕಸವಿಲ್ಲ, ಒಂದು ಹೆಜ್ಜೆ ಗುರುತಿಲ್ಲ. ಅಂಥ ಜಾಗ ಇರುವುದಾದರೆ ಒಮ್ಮೆ ಕೈ ಮುಗಿದು ಬರಬೇಕೆನ್ನಿಸಿತು. ಹೆಗಲ ಗಂಟಿನೊಂದಿಗೇ ಗಾಡಿ ಹತ್ತಿದ.

ನಸುಕಿನಲ್ಲಿ ಹೊರಟರು. ವ್ಯಾನಿನೊಳಗೆ ಡೀಸೆಲ್ಲು, ಹಸಿ ಗೋಣಿಚೀಲ, ಎಂದೋ ಚೆಲ್ಲಿದ ಹಾಲು, ಎಲ್ಲಾ ಸೇರಿ ನಾರುತ್ತಿತ್ತು. ಬಯಲು ಮುಗಿದು ಗುಡ್ಡದ ತಿರುವು ಶುರುವಾದ ಮೇಲೆ ಹೊಳಬಸಪ್ಪನ ಮಾತು ನಿಂತಿತು. ಮೊದಲ ಬಾರಿ ಕಿಟಕಿಯ ಹೊರಗೆ ವಾಂತಿ ಮಾಡಿದ. ಎರಡನೆಯ ಸಲ ಕಿಟಕಿ ತೆರೆಯುವಷ್ಟು ತಡೆಯಲಿಲ್ಲ. ಕನಕಪ್ಪ ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾಲು ಮೇಲೆಳೆದುಕೊಂಡು ಕೂತ. ಹುಳಿ ವಾಸನೆ ಮೂಗಿಗೆ ಅಂಟಿಕೊಂಡಿತು.

"ಏನ್ರಿ ಇಳಕಲ್ಲ ಸಾವಕಾರ್ರ, ಸೀರಿ ಸೆರಗಿನ ಬಣ್ಣ ಎಲ್ಲಾ ಹೊರಗ ಬಂತಲ್ರಿ," ಎಂದು ಗೌಸಸಾಬ ಮುಂದಿನಿಂದಲೇ ಕೆಣಕಿದ.

"ನೀ ಮುಂದ ನೋಡಿ ಹೊಡಿಯಪ್ಪಾ," ಎಂದು ಹೊಳಬಸಪ್ಪ ನರಳಿದ.

ಊರು ಊರಿಗೂ ಗಾಡಿ ನಿಲ್ಲಿಸಿ ಗೌಸಸಾಬ ಕೇಳುವನು, "ಬರ್ಫ ಎಲ್ಲಿ?" ಎಲ್ಲರೂ ಬೆರಳು ಮೇಲೆ ತೋರಿಸುವರು. ಇನ್ನೂ ಮುಂದೆ. ಇನ್ನೂ ಮೇಲೆ. ಗುಡ್ಡದ ಮೇಲಿನ ದೊಡ್ಡ ಊರಿಗೆ ಬಂದರೂ ಹಿಮ ಇಲ್ಲ. ಇದ್ದದ್ದು ಕೆಸರು. ದಿಲ್ಲಿಯಿಂದ ಬಂದ ಮೋಟಾರುಗಳು ಸಾಲುಗಟ್ಟಿ ನಿಂತು ಹೊಗೆ ಕಾರುತ್ತಿದ್ದವು. ಅಲ್ಲೊಬ್ಬ ಬಾಡಿಗೆಗೆ ಕೋಟು, ರಬ್ಬರಿನ ಬೂಟು ಕೊಡುತ್ತಿದ್ದ. ಹೊಳಬಸಪ್ಪ ಒಂದು ಕೋಟು ಏರಿಸಿದ. ಕಂಕುಳಲ್ಲಿ ನೂರು ಜನರ ಬೆವರು ಒಣಗಿ ಹೊಪ್ಪಳೆಗಟ್ಟಿತ್ತು. ಬೂಟಿನೊಳಗೆ ಕಾಲಿಟ್ಟವನು, ಹಿಂದಿನವನ ಕಾಲಿನ ತೇವ ಇನ್ನೂ ಬೆಚ್ಚಗಿದೆ ಎಂದ. ಕನಕಪ್ಪ ತನ್ನ ಚಪ್ಪಲಿಯೇ ಸಾಕೆಂದು ಮುಖ ತಿರುಗಿಸಿದ.

ಮತ್ತೆ ಸ್ವಲ್ಪ ಏರಿದ ಮೇಲೆ, ರಸ್ತೆಯ ನೆರಳಿನ ಬದಿಯಲ್ಲಿ, ಚಹಾದಂಗಡಿಗಳ ಸಾಲಿನ ಪಕ್ಕಕ್ಕೆ ಹಿಮ ಸಿಕ್ಕಿತು.

ಕನಕಪ್ಪ ಇಳಿದು ನೋಡಿದ. ಸಂತೆ ಮುಗಿದ ಮರುದಿನದ ಕುರಿಪೇಟೆಯ ಹಾಗಿತ್ತು ಆ ಜಾಗ. ಹಿಮವನ್ನು ತುಳಿದು ತುಳಿದು ಬೂದಿಯ ಬಣ್ಣಕ್ಕೆ ತಂದಿದ್ದರು. ಅದರ ಮೇಲೆ ಕಿತ್ತಳೆ ಸಿಪ್ಪೆ, ಬೀಡಿಯ ತುಂಡು, ಮೊಟ್ಟೆಯ ಚಿಪ್ಪು. ಅಲ್ಲಲ್ಲಿ ಎಲೆ ಅಡಿಕೆ ಉಗುಳಿದ ಕೆಂಪು ಹಿಮದೊಳಗೆ ಇಳಿದು ಗಾಯದ ಹಾಗೆ ಹರಡಿಕೊಂಡಿತ್ತು. ಜನರನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಬಡಕಲು ಕುದುರೆಗಳು ನಿಂತಲ್ಲೇ ಲದ್ದಿ ಹಾಕುತ್ತಿದ್ದವು, ನಿಂತಲ್ಲೇ ಉಚ್ಚೆ ಹೊಯ್ಯುತ್ತಿದ್ದವು. ಆ ಹಳದಿ ಹಿಮವನ್ನು ಕೊರೆದು ಕಾಲುವೆಯಾಗಿ ಇಳಿಜಾರಿಗೆ ಹರಿದಿತ್ತು. ಅದರ ಪಕ್ಕದಲ್ಲೇ ಮದುವೆಯಾದ ಹೊಸ ಜೋಡಿಗಳು ಹಿಮವನ್ನು ಉಂಡೆ ಕಟ್ಟಿ ಒಬ್ಬರ ಬಾಯಿಗೊಬ್ಬರು ತುರುಕಿ ನಗುತ್ತಿದ್ದರು. 

"ಇದನ್ನ ನೋಡಾಕ ಬಂದಿವೇನು?" ಎಂದ ಕನಕಪ್ಪ.

"ನಾ ಯಾವಾಗರ ಚಂದ ಐತಿ ಅಂದಿದ್ನಾ?" ಎಂದ ಗೌಸಸಾಬ. "ಬರ್ಫ ಬೀಳೂ ಮುಂದ ನೋಡಬೇಕ್ರಿ. ಬಿದ್ದ ಮ್ಯಾಲ ಅದೂ ನಮ್ಮ ಬಸ್‍ಸ್ಟ್ಯಾಂಡ ಇದ್ದಂಗ."

ಹೊಳಬಸಪ್ಪ ಮಾತ್ರ ಚಹಾದಂಗಡಿಯವನ ಹತ್ತಿರ ಖಾಲಿಯಾದ ಗುಲಾಬಿ ಶರಬತ್ತಿನ ಸೀಸೆಯೊಂದನ್ನು ಬೇಡಿ ತಂದಿದ್ದ. ತಳದಲ್ಲಿ ಇನ್ನೂ ಕೆಂಪು ಅಂಟಿತ್ತು. ಕುದುರೆಗಳು ನಿಲ್ಲುವ ತಾವಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಚಹಾ ಕುಡಿದ ಕಪ್ಪಿನಿಂದ ಹಿಮ ಕೆರೆದು ಸೀಸೆಗೆ ತುಂಬತೊಡಗಿದ.

"ಲೇ, ಅಲ್ಲಿ ಈಗಷ್ಟ ಕುದುರಿ ನಿಂತಿತ್ತಲೇ," ಎಂದ ಕನಕಪ್ಪ.

"ಮ್ಯಾಲಿನ ಬಿಳೇದಷ್ಟ ತಗೋತೇನಿ."

"ಬಿಳೇದರ ಕೆಳಗಿಂದು ನಿನಗ ಕಾಣಸ್ತೈತೇನು?"

"ಅವ್ವಗ ಬರಿಗೈಲೆ ಹೋಗಿ ಏನ ಹೇಳ್ಲಿ? ನೀ ಸುಮ್ಮಕಿರಪ್ಪಾ. ಬರೇ ಹೇಸಿಗಿ ಪಟ್ಕೊಳ್ಳೂದ ಆತು ನಿಂದು."

ಕನಕಪ್ಪ ಅಲ್ಲಿಂದ ದೂರ ಸರಿದ. ಅಂಗಡಿಗಳ ಹಿಂದೆ ಬಂದಾಗ ಅವನ ಕಾಲು ತಾನಾಗಿಯೇ ನಿಂತಿತು. ಅಲ್ಲೊಂದು ಮಗ್ಗುಲಲ್ಲಿ ಬಿಳಿ ಹಿಮ ಮಟ್ಟಸವಾಗಿ ಹಾಸಿತ್ತು. ಒಂದು ಹೆಜ್ಜೆ ಇಲ್ಲ, ಒಂದು ಸಿಪ್ಪೆ ಇಲ್ಲ. ಹಿಂಜಿದ ಉಣ್ಣೆಯೇ ಸೈ. ಕ್ಯಾಲೆಂಡರಿನ ಈಶ್ವರ ಒಂದಿಷ್ಟು ಹೊತ್ತು ಎದ್ದು ಹೋಗಿದ್ದಾನೆ ಅನ್ನುವ ಹಾಗೆ. ಅಷ್ಟು ಹೊಲಸಿನ ನಡುವೆ ಇಷ್ಟು ಜಾಗವನ್ನು ಜನ ಯಾಕೆ ಬಿಟ್ಟರು ಎಂದು ಅವನು ಯೋಚಿಸಿದ. ದೇವರ ಜಾಗವೆಂದು ಬಿಟ್ಟಿರಬೇಕು ಎಂದುಕೊಂಡ. ಅವನ ಊರಿನಲ್ಲಿ ಜನ ತುಳಿಯದೆ ಬಿಡುವ ನೆಲವೆಂದರೆ ಬೀರಪ್ಪನ ಗದ್ದುಗೆ ಒಂದೇ.

ಚಪ್ಪಲಿ ಬಿಟ್ಟ. ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ನಡುವಿಗೆ ಹೋಗಿ ಕೈ ಮುಗಿಯಬೇಕೆಂದು ಬರಿಗಾಲಲ್ಲಿ ಅದರ ಮೇಲೆ ಹೆಜ್ಜೆ ಇಟ್ಟ.

ಎರಡನೆಯ ಹೆಜ್ಜೆಗೆ ಮೊಣಕಾಲ ತನಕ ಇಳಿದುಹೋದ. ಬಿಳಿ ಎಂಬುದು ಮೇಲೆ ಒಂದು ಗೇಣು ಮಾತ್ರ. ಅದರ ಕೆಳಗೆ ಬೆಚ್ಚಗೆ, ಲೋಳೆಲೋಳೆಯಾಗಿ ಏನೋ ಕಾಲನ್ನು ಹಿಡಿದುಕೊಂಡಿತು. ಕೀಳಲು ಹೋಗಿ ಮುಗ್ಗರಿಸಿದ. ಗಂಟು ಕೈಜಾರಿ ಅದರಲ್ಲೇ ಬಿತ್ತು, ಬಿದ್ದದ್ದು ಮೆಲ್ಲಗೆ ಮುಳುಗಿತು. ಕೊಳೆತ ಉಳ್ಳಾಗಡ್ಡಿಯ, ಹಳಸಿದ ಸಾರಿನ ನಾತ ಗಪ್ಪನೆ ಮೇಲೆದ್ದಿತು.

ಅಂಗಡಿಯವರು ಓಡಿಬಂದು ನಕ್ಕರು. ಗೌಸಸಾಬ ಅವನ ತೋಳು ಹಿಡಿದು ಎಳೆದು ಹಾಕಿದ.

"ಏನಂತಾರ ಅವ್ರು?" ಎಂದು ಕನಕಪ್ಪ ಕೇಳಿದ.

"ಅದು ಅವರ ಮುಸುರಿ ಗುಂಡಿಯಂತ. ಬರ್ಫ ಬಿದ್ದು ಮುಚ್ಚೇತಿ. ಇಲ್ಲಿಯವ್ರು ಯಾರೂ ಆ ಕಡಿ ಕಾಲಿಡೂದಿಲ್ಲಂತ. ಅದಕ್ಕ ಹೆಜ್ಜಿ ಇಲ್ಲ."

ಗಂಟು ಮೇಲೆತ್ತಿದಾಗ ಬಿಳಿ ಧೋತರ ಚಹಾಪುಡಿಯ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದರೆ ಕಂಬಳಿಯ ಗಂಜಿ ಕರಗಿ ಅಂಟಂಟಾಗಿತ್ತು, ಮಡಿಕೆಯ ನಡುವೆ ಮೊಟ್ಟೆಯ ಚಿಪ್ಪು, ಯಾರೋ ಚೀಪಿ ಬಿಟ್ಟ ಎಲುಬು. ಕನಕಪ್ಪ ಆ ಎಲುಬನ್ನು ಎರಡು ಬೆರಳಲ್ಲಿ ತೆಗೆದು ಒಗೆದ. ಮತ್ತೇನೂ ತೆಗೆಯುವ ಗೋಜಿಗೆ ಹೋಗಲಿಲ್ಲ.

ಹೊಳಬಸಪ್ಪ ಸೀಸೆಗೆ ಬಿರಡೆ ಬಡಿಯುತ್ತಾ ಬಂದವನು ಗೆಳೆಯನ ಕಾಲು ನೋಡಿ ಮೊದಲು ನಕ್ಕ. ಆಮೇಲೆ ಕಂಬಳಿ ನೋಡಿ ಸೀಸೆಯನ್ನು ಕೋಟಿನ ಮರೆಗೆ ಸರಿಸಿದ.

"ಹೋಗ್ಲಿ ಬಿಡು. ಬಿಸಿನೀರಾಗ ಜಾಲಸಿ ಒಲಿ ಮುಂದ ಒಣಗಸೂಣು. ಊರಾಗ ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತೈತಲಾ."

"ನೀ ಬಾಯಿ ಬಿಟ್ಟರ ಅಲ್ಲ?"

 ಗುಂಡಿಯ ನಾತಕ್ಕಿಂತ ಆ ಮಾತೇ ಕನಕಪ್ಪನಿಗೆ ಹೆಚ್ಚು ನಾರಿತು. ಅಲ್ಲೊಂದು ಕುದುರೆ ನಿಂತಿತ್ತು. ಜೀನು ಒತ್ತಿ ಒತ್ತಿ ಬೆನ್ನು ಹುಣ್ಣಾಗಿ ನಡುಗುತ್ತಿತ್ತು. ಕಂಬಳಿಯನ್ನು ಹಿಂಡಿ, ಮಡಚಿ, ಅದರ ಬೆನ್ನ ಮೇಲೆ ಹಾಕಿದ. ಕುದುರೆ ಕಾಯುವ ಮುದುಕ ಏನೋ ಕೇಳಿದ. ಇಟ್ಟುಕೋ ಎಂದು ಕೈಸನ್ನೆ ಮಾಡಿ ಗಾಡಿಯತ್ತ ನಡೆದ. ದಿಲ್ಲಿ ಮುಟ್ಟುವ ತನಕ ಅವನ ಕಾಲು ನಾರುತ್ತಿತ್ತು. 

ಊರಿಗೆ ಬಂದ ಮೇಲೆ ಕನಕಪ್ಪ ಹೆಂಡತಿ ಹನಮವ್ವನಿಗೆ, ಕಂಬಳಿ ಕೆಟ್ಟಿತು, ಮತ್ತೊಂದು ನೇಯಬೇಕು ಎಂದಷ್ಟೇ ಹೇಳಿದ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಕದಿರು ಹಿಡಿದು ಕೂತಳು. ಮಾಘ ಇನ್ನೇನು ಬಂದಿತ್ತು. ಅವಳು ನೂತದ್ದನ್ನು ಅವನು ಗಂಜಿ ಹಾಕಿ ಮಗ್ಗಕ್ಕೆ ಏರಿಸಿ ರಾತ್ರಿ ಹಗಲೆನ್ನದೆ ನೇಯುತ್ತಿದ್ದ, ಎದ್ದರೆ ಊಟಕ್ಕೆ ಮಾತ್ರ. ಹಿಮ ಹೆಂಗಿತ್ತು ಎಂದು ಅವಳು ಕೇಳಿದರೆ, "ನೋಡಬಾರದು," ಎನ್ನುತ್ತಿದ್ದ. ಊರವರಿಗೂ ಅದೇ ಉತ್ತರ. ಆದರೆ ಹನಮವ್ವ ಒಂದು ಗಮನಿಸಿದಳು. ರೊಟ್ಟಿಯ ಜೊತೆ ಕೆನೆಗಟ್ಟಿದ ಮೊಸರು ಹಾಕಿದರೆ ಗಂಡ ಸುಮ್ಮನೆ ಉಣ್ಣುತ್ತಿರಲಿಲ್ಲ. ಮೊದಲು ಬೆರಳಿನಿಂದ ಕೆನೆ ಸರಿಸಿ, ಕೆಳಗೇನಿದೆ ಎಂದು ಕೆದಕಿ ನೋಡುತ್ತಿದ್ದ. ಕೆಲವು ದಿನ ನೋಡಿದ ಮೇಲೂ ತಟ್ಟೆ ಸರಿಸಿಬಿಡುತ್ತಿದ್ದ.

ಅತ್ತ ಇಳಕಲ್ಲಿನಲ್ಲಿ ಹೊಳಬಸಪ್ಪನ ಮನೆಗೆ ಜನ ಬರುತ್ತಿದ್ದರು. ಹಾಸಿಗೆ ಹಿಡಿದಿದ್ದ ಅವನ ತಾಯಿ ದುರ್ಗವ್ವ ಹಿಮವಂತನ ನೀರು ಕುಡಿದು ಎದ್ದು ಕೂತಳಂತೆ, ಮೊಣಕಾಲ ನೋವು ಇಳಿಯಿತಂತೆ ಎಂಬ ಸುದ್ದಿ ಬಸ್ಸಿನಲ್ಲಿ ಹಳ್ಳಿಗೂ ಬಂತು. ಅದನ್ನು ಕೇಳಿದಾಗ ಕನಕಪ್ಪ ಮಗ್ಗದಿಂದ ಎದ್ದು ಹೊರಗೆ ಹೋಗಿ ಉಗುಳಿ ಬಂದು ಮತ್ತೆ ಕೂತ.

ಕಂಬಳಿ ಹಾಸುವ ದಿನದ ಹೊತ್ತಿಗೆ ಹೊಸದು ಮುಗಿದಿತ್ತು. ಒಂದು ಹನಿ ತಾಗಿರಲಿಲ್ಲ. ಹೊತ್ತೇರುವ ಮುಂಚೆ ಅದನ್ನು ಹೊತ್ತು ಕನಕಪ್ಪ, ಹನಮವ್ವ ಬೀರಪ್ಪನ ಗುಡಿಗೆ ಬಂದಾಗ ಕಟ್ಟೆಯ ತುಂಬ ಜನ. ನಡುವೆ ಹೊಳಬಸಪ್ಪ, ತಲೆಗೆ ಹೊಸ ಪಟಗ ಸುತ್ತಿಕೊಂಡು, ಕೈಯಲ್ಲಿ ಸೀಸೆ. ಅರ್ಧ ಉಳಿದಿತ್ತು. ನೀರಿಗೆ ತುಸು ಗುಲಾಬಿ ಬಣ್ಣ.

"ಕೆಂಪಗ ಯಾಕೈತಿ?" ಎಂದು ಯಾರೋ ಕೇಳಿದರು.

"ಪಾರ್ವತಿ ಕುಂಕುಮ ಅದು," ಎಂದ ಇನ್ನೊಬ್ಬ, ಹೊಳಬಸಪ್ಪನಿಗೆ ಬಾಯಿ ತೆರೆಯಲೂ ಬಿಡದೆ.

ಪೂಜಾರಿ ಅಮಸಿದ್ದಪ್ಪ ಮುಪ್ಪಿನ ಮನುಷ್ಯ, ಒಳ್ಳೆಯವನು. ಕಣ್ಣು ತೇವ ಮಾಡಿಕೊಂಡು ಹೇಳಿದ. "ಕನಕಪ್ಪಾ, ನಮ್ಮ ದೇವರ ಪುಣ್ಯೇ ನೋಡು. ನಿನ್ನ ದೋಸ್ತ ಕೈಲಾಸದ ನೀರು ತಂದಾನ. ಈ ಸಲ ಕಂಬಳಿಗೆ ಮೊದಲ ನೀರು ಇದ ಆಗ್ಲಿ. ಹೊಳಿ ನೀರು ದಿನಾ ಸಿಗ್ತೈತಿ. ಇದು ಸಿಗ್ತೈತೇನು?"

ಕನಕಪ್ಪ ಕಂಬಳಿಯನ್ನು ಎದೆಗೆ ಒತ್ತಿ ಹಿಡಿದ. "ಬ್ಯಾಡ್ರಿ ಯಜ್ಜಾ."

"ಯಾಕೋ?"

"ಅದು ಸ್ವಚ್ಛ ಇಲ್ಲರಿ. ತುಂಬಸೂ ಮುಂದ ನಾ ಅಲ್ಲೇ ಇದ್ದೆ. ಮ್ಯಾಲೊಂದು ಕುದುರಿ ನಿಂತು ಉಚ್ಚಿ ಹೊಯ್ದಿತ್ತು. ಅದರ ಕೆಳಗಿಂದು ಇದು."

ಕಟ್ಟೆಯವರೆಲ್ಲ ಸೀಸೆಯ ಕಡೆ ನೋಡಿದರು. ಹೊಳಬಸಪ್ಪನ ಮುಖ ಬಿಳಿಚಿತು, ಆಮೇಲೆ ಕೆಂಪೇರಿತು.

"ಇಂವಾ ಅಲ್ಲಿ ಗುಂಡ್ಯಾಗ ಬಿದ್ದು ದೇವರ ಕಂಬಳಿ ಕುದುರಿಗೆ ಹೊಚ್ಚಿ ಬಂದಾನ್ರಿ. ಆ ಹೊಟ್ಟಿಉರಿ ಇದು," ಎಂದ.

ಜನ ಕನಕಪ್ಪನ ಕಡೆ ತಿರುಗಿದರು. ಅವನು ಅಲ್ಲಗಳೆಯಲಿಲ್ಲ. "ಬಿದ್ದದ್ದು ಖರೆ, ಹೊಚ್ಚಿದ್ದೂ ಖರೆ. ಅದಕ್ಕ ಇದನ್ನ ನೇದೇನಿ. ನಿಂದು ಸ್ವಚ್ಛ ಇದ್ದರ ಎಲ್ಲಾರ ಮುಂದ ನೀ ಒಂದ ಗುಟುಕು ಕುಡಿ."

ಕುಡಿಯಲಾರ ಎಂದೇ ಕನಕಪ್ಪ ತಿಳಿದಿದ್ದ. ಸೀಸೆಗೆ ಬಿರಡೆ ಹಾಕಿ ಬಗಲಲ್ಲಿಟ್ಟುಕೊಂಡು, ಏನೋ ಒಂದು ಹಾಸ್ಯ ಮಾಡಿ, ಬಸ್ಸಿಗೆ ಹೊತ್ತಾಯಿತು ಎಂದು ಹೋಗಿಬಿಡುತ್ತಾನೆ ಎಂದುಕೊಂಡಿದ್ದ. ಆದರೆ ಹೊಳಬಸಪ್ಪ ಸುತ್ತಲಿನ ಮುಖಗಳನ್ನು ಒಮ್ಮೆ ನೋಡಿದ. ಸೀಸೆ ಎತ್ತಿ, ಗೆಳೆಯನ ಕಣ್ಣಲ್ಲಿ ಕಣ್ಣಿಟ್ಟು, ಗಟಗಟ ಕುಡಿದ. ಗಂಟಲ ಗುಬುಟು ಏರಿ ಇಳಿಯುವುದನ್ನು ಕನಕಪ್ಪ ನೋಡಲಾರದೆ ನೋಡಿದ. ಕುಡಿದು ಮೀಸೆ ಒರೆಸಿಕೊಂಡು, "ಅಮೃತ," ಎಂದ.

ಅಷ್ಟೇ ಸಾಕಾಯಿತು. ಜನ ಬೊಗಸೆ ಚಾಚಿಕೊಂಡು ಮುಗಿಬಿದ್ದರು. ತಾಯಂದಿರು ಕಂಕುಳ ಕೂಸಿನ ಬಾಯಿಗೆ ಬೆರಳಲ್ಲಿ ಅದ್ದಿ ಇಟ್ಟರು. ನೆಲಕ್ಕೆ ಚೆಲ್ಲಿದ್ದನ್ನು ಒಬ್ಬ ಕಣ್ಣಿಗೆ ಒತ್ತಿಕೊಂಡ. ಅಮಸಿದ್ದಪ್ಪ ಉಳಿದ ನೀರಿನ ಸೀಸೆ ಹಿಡಿದು ಕಂಬಳಿಯ ಕಡೆಗೇ ಬರುತ್ತಿದ್ದ. ಕನಕಪ್ಪ ಕಂಬಳಿಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡ. 

ಹನಮವ್ವ ಅವನ ಪಕ್ಕ ನಿಂತಿದ್ದಳು. ಮೆಲ್ಲಗೆ ಕೇಳಿದಳು. "ನೀವು ಮೊಸರು ಕೆದಕೂದು ಇದಕ್ಕೇನ್ರಿ?"

ಅವನು ಹೌದೆಂದು ತಲೆಯಾಡಿಸಿದ.

ಅವಳು ಅವನ ಕೈಯಿಂದ ಕಂಬಳಿ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಯಜ್ಜಾ, ನೂತಾಕಿ ನಾನು, ನೇದಾಂವ ನನ್ನ ಗಂಡ. ಮೊದಲ ನೀರಿನ ಹಕ್ಕು ನಮ್ಮ ಮನಿದು. ನಮ್ಮ ಮಾವನ ಕಾಲದಾಗೂ ಹಿಂಗ ಇತ್ತು, ನಿಮಗೂ ಗೊತ್ತೈತಿ," ಎಂದು ಹೊಳೆಯ ದಾರಿ ಹಿಡಿದಳು, ಕನಕಪ್ಪ ಹಿಂದೆಯೇ ನಡೆದ. ಅಮಸಿದ್ದಪ್ಪ ಸೀಸೆ ಹಿಡಿದ ಕೈ ಇಳಿಸಿದ. ಅವನಿಗೆ ಗೊತ್ತಿತ್ತು.

ಮಾಘದ ಮಲಪ್ರಭೆ ತೆಳ್ಳಗೆ ಹರಿಯುತ್ತಿತ್ತು. ತಳದ ಉಸುಕು, ಉಸುಕಿನ ಮೇಲೆ ಓಡುವ ಸಣ್ಣ ಮೀನು, ಎಲ್ಲಾ ಕಾಣುತ್ತಿತ್ತು. ಕನಕಪ್ಪ ಮೊಣಕಾಲುದ್ದ ನೀರಿಗಿಳಿದು ಮೊದಲು ಕಾಲಿನಿಂದ ತಳ ತಡವಿ ನೋಡಿದ. ಉಸುಕೇ. ಆಮೇಲೆ ಕಂಬಳಿಯನ್ನು ಬಿಡಿಸಿ ನೀರಿನಲ್ಲಿ ಇಳಿಸಿದ. ಅದು ಮೆಲ್ಲಗೆ ಕುಡಿದು ಭಾರವಾಯಿತು. ಹಸಿ ಉಣ್ಣೆ, ಹುಣಸೆ ಬೀಜದ ಗಂಜಿ, ಕುರಿಯ ಹಟ್ಟಿಯ ವಾಸನೆ ಎದ್ದಿತು. ಎಷ್ಟೋ ದಿನಗಳ ಮೇಲೆ ಅವನು ಮೂಗು ತುಂಬ ಉಸಿರೆಳೆದ.

ಹಿಂದೆ ಕಲ್ಲುಗಳ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಹೊಳಬಸಪ್ಪ ಒಬ್ಬನೇ ಬಂದಿದ್ದ. ಪಟಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತ.

"ಕನಕ."

ಕನಕಪ್ಪ ಕಂಬಳಿಯ ಇನ್ನೊಂದು ಅಂಚನ್ನು ನೀರಿಗೆ ಒತ್ತಿದ.

"ಆ ನೀರು ಮೊದಲ ಸಿಹಿ ಅನಸ್ತು. ಆಮ್ಯಾಲ ಉಪ್ಪುಪ್ಪ ಇತ್ತಲೇ."

ಹನಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಡೆ ಮುಖ ಮಾಡಿದಳು.

"ಅವ್ವಗ ಎಷ್ಟ ಕುಡಿಸಿದಿ?" ಎಂದು ಕನಕಪ್ಪ ಕೇಳಿದ.

 ಹೊಳಬಸಪ್ಪನ ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಒಂದು ಕೈ ಬಾಯಿಗೆ ಹಿಡಿದು ಇನ್ನೊಂದು ಕೈಯನ್ನು ಹೊಳೆಗೆ ಚಾಚಿ ನೀರಿನ ಮೇಲೆ ಬಾಗಿದ.

"ಅಲ್ಲಿ ಬ್ಯಾಡ," ಎಂದ ಕನಕಪ್ಪ, ಕಂಬಳಿಯ ಅಂಚು ಬಿಡದೆ. "ಹೊಳಿ ಕೆಳಗಿನ ಕಡಿ ಹೋಗಿ ಕಾರು. ಕಂಬಳಿ ಇನ್ನೂ ನೀರಾಗ ಐತಿ."